ಗೋಡೆಯ ಮೇಲಿನ ಆ ಪ್ರಮಾಣಪತ್ರ

ಪ್ರೀತಿಯ ಮಗಳಿಗೆ,

ನೀನು ಪಕ್ಕದ ಕೋಣೆಯಲ್ಲೇ ಇರುವಾಗ ನಿನಗೆ ಕಾಗದ ಬರೆಯಲು ಕುಳಿತಿದ್ದೇನೆ. ಒಂದು ಸೆಮಿಸ್ಟರ್ ಓದಲು ನೀನು ಫ್ರಾನ್ಸಿಗೆ ಹೋಗುವ ವಿಷಯದಲ್ಲಿ ನಡೆದ ಭಾನುವಾರದ ಜಗಳವನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಯಾರು ಏನೆಂದೆವು ಎಂಬುದು ಇಬ್ಬರಿಗೂ ನೆನಪಿದೆ. ಆದರೆ ನೀನು ಅನುಮಾನಪಟ್ಟದ್ದು ನಿಜವೆಂದು ಮೊದಲು ಒಪ್ಪಿಕೊಂಡುಬಿಡುತ್ತೇನೆ. ವೀಸಾ ಅರ್ಜಿಗೆ ಬೇಕಾಗಿದ್ದ ಬ್ಯಾಂಕಿನ ಪತ್ರ ನನ್ನ ಕೈಸೇರಿದ ಮೇಲೆ 11 ದಿನ ನನ್ನ ಮೇಜಿನ ಡ್ರಾಯರಿನಲ್ಲಿಯೇ ಇತ್ತು. ಬ್ಯಾಂಕಿನವರು ತಡ ಮಾಡುತ್ತಿದ್ದಾರೆಂದು ನಾನು ಹೇಳಿದ್ದು ಸುಳ್ಳು. ನಿನ್ನ ವೀಸಾ ಸಂದರ್ಶನದ ದಿನ ಮುಂದಕ್ಕೆ ಹೋದದ್ದು ನನ್ನಿಂದ. ನನ್ನನ್ನು ಕ್ಷಮಿಸು.

ಪದವಿ ಮುಗಿಸಿಕೊಂಡು ಹೋಗಬಹುದಲ್ಲ, ಅಲ್ಲಿ ಓದಿದ್ದಕ್ಕೆ ಸಿಗುವ ಕ್ರೆಡಿಟ್‌ಗಳು ಇಲ್ಲಿನ ಪದವಿಯ ಲೆಕ್ಕಕ್ಕೆ ಬರದಿದ್ದರೆ ಒಂದು ವರ್ಷವೇ ಹೋಗಿಬಿಡುತ್ತದಲ್ಲ ಎಂದೆಲ್ಲ ನಾನು ವಾದಿಸಿದೆ. ಅವು ಸುಳ್ಳು ಕಾರಣಗಳಲ್ಲ, ಆದರೆ ಪತ್ರವನ್ನು ಬಚ್ಚಿಡಲು ಅವು ಕಾರಣವಾಗಿರಲಿಲ್ಲ. ನಿನ್ನ ಅರ್ಜಿಯ ಪ್ರತಿಗಳನ್ನು ಜೋಡಿಸುತ್ತಿದ್ದಾಗ, ನೀನು ಫ್ರಾನ್ಸಿನ ವಿಶ್ವವಿದ್ಯಾಲಯಕ್ಕೆ ಬರೆದಿದ್ದ ಉದ್ದೇಶಪತ್ರವನ್ನು ಓದಿದೆ. ಎರಡನೆಯ ಪ್ಯಾರಾದಲ್ಲಿ ನಾನಿದ್ದೆ. ಪದವಿಯ ಮೂರನೆಯ ವರ್ಷದಲ್ಲಿ ಅಮ್ಮ ಒಂದು ಪ್ರಯೋಗಾಲಯದಲ್ಲಿ ಇಂಟರ್ನ್‌ಶಿಪ್ ಮಾಡಿದ್ದಳೆಂದೂ, ಅದರ ಪ್ರಮಾಣಪತ್ರವನ್ನು ಗೋಡೆಯ ಮೇಲೆ ನೋಡುತ್ತಲೇ ನೀನು ಬೆಳೆದೆಯೆಂದೂ, ಸಂಶೋಧನೆಯ ಆಸೆ ಮೊಳೆತದ್ದು ಅಲ್ಲಿಂದಲೇ ಎಂದೂ ನೀನು ಬರೆದಿದ್ದೆ. ಅದನ್ನು ಓದಿದ ದಿನವೇ ನಾನು ಬ್ಯಾಂಕಿನ ಪತ್ರವನ್ನು ಡ್ರಾಯರಿಗೆ ಹಾಕಿದ್ದು.

ಮಗಳೇ, ಆ ಪ್ರಮಾಣಪತ್ರದಲ್ಲಿ ಬರೆದಿರುವ ಒಂದು ಅಕ್ಷರವೂ ನಾನು ಗಳಿಸಿದ್ದಲ್ಲ.

ಆರು ವಾರಗಳ ಇಂಟರ್ನ್‌ಶಿಪ್ ಅದು. ಮೊದಲ ದಿನ ಯಾರೋ ಒಬ್ಬರು ಕಿಟಕಿಯ ಪಕ್ಕದ ಒಂದು ಕುರ್ಚಿ ತೋರಿಸಿ, ಮಾರ್ಗದರ್ಶಕರು ಪ್ರವಾಸದಲ್ಲಿದ್ದಾರೆ, ಬರುವ ತನಕ ಇದನ್ನು ಓದಿಕೊಂಡಿರು ಎಂದು ಒಂದು ಉಪಕರಣದ ಕೈಪಿಡಿಯನ್ನು ಕೊಟ್ಟು ಹೋದರು. ಅವರು ಎರಡನೆಯ ವಾರ ಬಂದರು, ನನ್ನತ್ತ ನೋಡಿ ತಲೆಯಾಡಿಸಿದರು, ತಮ್ಮ ಕೋಣೆಗೆ ಹೋದರು. ಹೋಗಿ ಕೇಳಬಹುದಿತ್ತು. ಕೇಳಿದರೆ ಇಷ್ಟೂ ತಿಳಿಯದೇ ಎಂದಾರೆಂದು ಅಂಜಿದೆ, ನಾಳೆ ಕೇಳೋಣವೆಂದುಕೊಂಡೆ. ಹತ್ತು ದಿನ ಸುಮ್ಮನೆ ಕುಳಿತವಳಿಗೆ ಹನ್ನೊಂದನೆಯ ದಿನ ಕೇಳುವುದು ಮೊದಲ ದಿನಕ್ಕಿಂತ ಕಷ್ಟ, ಏಕೆಂದರೆ ಇಷ್ಟು ದಿನ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆಗೂ ಆಗ ಉತ್ತರ ಕೊಡಬೇಕಾಗುತ್ತದೆ. ಆ ಕೈಪಿಡಿಯನ್ನು ನಾನು ನಾಲ್ಕು ಸಲ ಓದಿದೆ. ಯಾರಾದರೂ ಹತ್ತಿರ ಬಂದರೆ ಪುಟದಂಚಿನಲ್ಲಿ ಏನೋ ಗುರುತು ಹಾಕಿಕೊಳ್ಳುವವಳಂತೆ ಪೆನ್ನು ಹಿಡಿಯುತ್ತಿದ್ದೆ. ಸಂಜೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಮನೆಗೆ ಬಂದು, ಇವತ್ತು ಏನು ಕಲಿತೆ ಎಂದು ನನ್ನ ಅಪ್ಪ ಕೇಳಿದರೆ, ಕೈಪಿಡಿಯಲ್ಲಿ ಓದಿದ ಪ್ರಯೋಗವನ್ನೇ ಮಾಡಿ ಬಂದೆನೆಂದು ವಿವರಿಸುತ್ತಿದ್ದೆ. ಅವರು ಎಷ್ಟು ಖುಷಿಯಿಂದ ಕೇಳುತ್ತಿದ್ದರೆಂದರೆ, ಮರುದಿನಕ್ಕೆ ಇನ್ನೊಂದು ಪ್ರಯೋಗವನ್ನು ನಾನು ಮೊದಲೇ ಓದಿಟ್ಟುಕೊಳ್ಳಬೇಕಾಗುತ್ತಿತ್ತು. ಕೊನೆಯ ವಾರ ಕಪಾಟಿನಲ್ಲಿದ್ದ ಹಳೆಯ ವರದಿಯೊಂದನ್ನು ನೋಡಿ ನನ್ನ ವರದಿ ಬರೆದೆ. ಪ್ರಮಾಣಪತ್ರದಲ್ಲಿ ನನ್ನ ಕೆಲಸ ಅತ್ಯುತ್ತಮವೆಂದು ಬರೆದುಕೊಟ್ಟರು. ಅಪ್ಪ ಅದಕ್ಕೆ ಚೌಕಟ್ಟು ಹಾಕಿಸಿ ತಂದರು. ಅವರು ತೀರಿಕೊಳ್ಳುವವರೆಗೂ ನಾನು ಹೇಳಲಿಲ್ಲ.

ಕ್ರೆಡಿಟ್‌ಗಳ ಬಗ್ಗೆ ನಾನು ಗಟ್ಟಿಯಾಗಿ ಮಾತನಾಡಿದ್ದಕ್ಕೂ ಆಧಾರವಿರಲಿಲ್ಲವೆಂದಲ್ಲ. ಇಟಲಿಯ ಸೋಫಿಯಾ ಕೊರಾದಿ ಎಂಬವರು 1957ರಲ್ಲಿ ಅಮೆರಿಕದ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಸ್ನಾತಕೋತ್ತರ ಪದವಿಯೊಂದಿಗೆ ರೋಮಿಗೆ ಮರಳಿದಾಗ, ಅಲ್ಲಿನ ವಿಶ್ವವಿದ್ಯಾಲಯ ಆ ಓದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಅವಮಾನವನ್ನು ಅವರು ನುಂಗಿಕೊಂಡು ಕೂರಲಿಲ್ಲ. ಹೊರದೇಶದಲ್ಲಿ ಓದಿದ್ದನ್ನು ಸ್ವದೇಶದ ಪದವಿಯಲ್ಲಿ ಪರಿಗಣಿಸಬೇಕೆಂದು 1969ರಿಂದ ಪ್ರಸ್ತಾವ ಹಿಡಿದು ತಿರುಗಿದರು. 1987ರಲ್ಲಿ ಯುರೋಪಿನ ವಿದ್ಯಾರ್ಥಿ ವಿನಿಮಯಕ್ಕಾಗಿ ಎರಾಸ್ಮಸ್ ಯೋಜನೆ ಶುರುವಾದಾಗ 11 ದೇಶಗಳ 3,244 ವಿದ್ಯಾರ್ಥಿಗಳು ಹೊರಟರು. ನಾನು ಈ ಕಥೆಯ ಮೊದಲರ್ಧವನ್ನಷ್ಟೇ ನಿನ್ನ ಮುಂದಿಟ್ಟು ಹೆದರಿಸಿದೆ.

ಈಗ ನಿನ್ನ ಕೈಯಲ್ಲಿ, ಅಲ್ಲಿ ಓದುವ ಕೋರ್ಸುಗಳನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆಂದು ಬರೆದುಕೊಡುವ ಕಲಿಕಾ ಒಪ್ಪಂದವಿದೆ. ಅದರ ಮೇಲೆ ನಿನ್ನ, ಇಲ್ಲಿನ ವಿಶ್ವವಿದ್ಯಾಲಯದ, ಅಲ್ಲಿನ ವಿಶ್ವವಿದ್ಯಾಲಯದ ಮೂರೂ ಸಹಿಗಳಿರಬೇಕು. ಹೋದ ಮೇಲೆ ಯಾವುದಾದರೂ ಕೋರ್ಸ್ ಬದಲಾದರೆ, ಆ ಬದಲಾವಣೆಗೂ ಮೂವರ ಒಪ್ಪಿಗೆಯನ್ನು ಲಿಖಿತವಾಗಿಯೇ ತೆಗೆದುಕೊ, ಬಾಯಿಮಾತನ್ನು ನಂಬಬೇಡ. ಯುರೋಪಿನ ಲೆಕ್ಕದಲ್ಲಿ ಇಡೀ ವರ್ಷಕ್ಕೆ 60 ಕ್ರೆಡಿಟ್, ನಿನ್ನ ಸೆಮಿಸ್ಟರಿಗೆ 30. ಒಂದೊಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ದುಡಿಮೆ, ತರಗತಿಯಲ್ಲಿ ಕುಳಿತದ್ದೂ ಸ್ವಂತವಾಗಿ ಓದಿದ್ದೂ ಸೇರಿ. ಫ್ರಾನ್ಸಿನಲ್ಲಿ ಅಂಕಗಳನ್ನು 20ಕ್ಕೆ ಕೊಡುತ್ತಾರೆ. 10 ಬಂದರೆ ಉತ್ತೀರ್ಣ, 14ನ್ನು ಒಳ್ಳೆಯ ಅಂಕವೆನ್ನುತ್ತಾರೆ, 16 ದಾಟಿದರೆ ಬಹಳ ಒಳ್ಳೆಯದು. ಇಲ್ಲಿ ತೊಂಬತ್ತಕ್ಕೆ ಒಗ್ಗಿಹೋಗಿರುವ ನೀನು ಮೊದಲ ಪರೀಕ್ಷೆಯಲ್ಲಿ 13 ಬಂದದ್ದಕ್ಕೆ ರಾತ್ರಿಯಿಡೀ ಅಳುತ್ತ ಕೂರಬಾರದು. ವೀಸಾ ಸಿಕ್ಕಿತೆಂದು ನಿಶ್ಚಿಂತಳಾಗಬೇಡ, ಅಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಅದನ್ನು ಆನ್‌ಲೈನಿನಲ್ಲಿ ಊರ್ಜಿತಗೊಳಿಸಿಕೊಳ್ಳಲೇಬೇಕು. ಮೊದಲ ವಾರದಲ್ಲಿಯೇ ಮಾಡಿಬಿಡು. ಉಪದೇಶ ಮಾಡುವುದಿಲ್ಲವೆಂದು ಮನಸ್ಸಿನಲ್ಲಿಯೇ ಶಪಥ ಮಾಡಿಕೊಂಡು ಕುಳಿತಿದ್ದೆ, ಆದರೂ ಇಷ್ಟಾಯಿತು.

ನಿಜವಾಗಿ ಹೇಳಬೇಕಾಗಿರುವುದು ಪಾಠಗಳು ಮುಗಿದ ಮೇಲಿನ ಆ 12 ವಾರಗಳ ಇಂಟರ್ನ್‌ಶಿಪ್ಪಿನ ಬಗ್ಗೆ. ಮೊನ್ನೆ ರಾತ್ರಿ ನೀನು ಮಲಗಿದ ಮೇಲೆ ನಿನ್ನ ಇಂಟರ್ನ್‌ಶಿಪ್ ಒಪ್ಪಂದವನ್ನು ಕೂತು ಪೂರ್ತಿ ಓದಿದೆ. ಫ್ರಾನ್ಸಿನ ಕಾನೂನಿನ ಪ್ರಕಾರ ಅಂಥ ಒಪ್ಪಂದವಿಲ್ಲದೆ ಯಾವ ಸಂಸ್ಥೆಯೂ ವಿದ್ಯಾರ್ಥಿಯನ್ನು ಇಂಟರ್ನ್ ಆಗಿ ಇಟ್ಟುಕೊಳ್ಳುವಂತಿಲ್ಲ. ನೀನು ಮಾಡಬೇಕಾದ ಕೆಲಸ ಯಾವುದು, ಅದರಿಂದ ಕಲಿಯಬೇಕಾದದ್ದೇನು, ವಾರಕ್ಕೆ ಎಷ್ಟು ಗಂಟೆ ಎಂಬುದೆಲ್ಲ ಅದರಲ್ಲಿರಬೇಕು. ಎರಡು ತಿಂಗಳಿಗಿಂತ ಹೆಚ್ಚಿನ ಇಂಟರ್ನ್‌ಶಿಪ್ಪಿಗೆ ಭತ್ಯೆ ಕೊಡುವುದು ಕಡ್ಡಾಯ, ಹಾಗಾಗಿ ನಿನಗೆ ಬರುವ ಹಣ ಅವರ ಔದಾರ್ಯವಲ್ಲ, ಅದನ್ನು ಸಂಕೋಚಪಡುತ್ತ ತೆಗೆದುಕೊಳ್ಳಬೇಡ. ಇದೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಹೆಸರುಗಳು: ವಿಶ್ವವಿದ್ಯಾಲಯದ ಕಡೆಯಿಂದ ನಿನ್ನನ್ನು ಗಮನಿಸುವ ಅಧ್ಯಾಪಕರದ್ದೊಂದು, ಪ್ರಯೋಗಾಲಯದಲ್ಲಿ ನಿನ್ನ ಹೊಣೆ ಹೊತ್ತ ಮಾರ್ಗದರ್ಶಕರದ್ದೊಂದು. ನನ್ನ ಕಾಗದದಲ್ಲಿ ಯಾರ ಹೆಸರೂ ಇರಲಿಲ್ಲ, ಅವಧಿ ಮತ್ತು ಹಾಜರಿಯ ನಿಯಮ ಮಾತ್ರ ಇದ್ದವು. ಇದ್ದಿದ್ದರೆ ನಾನು ಎದ್ದು ಹೋಗಿ ಕೇಳುತ್ತಿದ್ದೆನೇ ಎಂದು ಮೊನ್ನೆಯಿಂದ ಯೋಚಿಸುತ್ತಿದ್ದೇನೆ. ಬಹುಶಃ ಕೇಳುತ್ತಿರಲಿಲ್ಲ. ಎರಡನೆಯ ವಾರ ಅವರು ಬಂದು ಎದುರಿಗೇ ನಿಂತಿದ್ದರಲ್ಲ.

ನನಗಿರುವ ಭಯ ಪರದೇಶದ್ದಲ್ಲ, ಭಾಷೆಯದೂ ಅಲ್ಲ. ಅಂಥ ಒಂದು ಕುರ್ಚಿಯಲ್ಲಿ ನೀನು ಕುಳಿತಿರುವಂತೆ, ಸಂಜೆ ಫೋನಿನಲ್ಲಿ ಎಲ್ಲ ಚೆನ್ನಾಗಿ ನಡೆಯುತ್ತಿದೆ ಎಂದು ನನಗೆ ಹೇಳುತ್ತಿರುವಂತೆ ನನಗೆ ಕಾಣುತ್ತದೆ. ನಿನ್ನ ದನಿ ಕೇಳಿ ನಾನು ಖುಷಿಪಡುತ್ತೇನೆ, ಆ ಖುಷಿಯನ್ನು ಕೆಡಿಸಬಾರದೆಂದು ನೀನು ಮರುದಿನವೂ ಹಾಗೆಯೇ ಹೇಳುತ್ತೀಯೆ. ಅಪ್ಪನಿಗೆ ನಾನು ಮಾಡಿದ್ದು ಅದನ್ನೇ. ನಿನಗೆ ನನ್ನ ಮೇಲೆ ನಂಬಿಕೆಯೇ ಇಲ್ಲ ಎಂದು ನೀನು ಭಾನುವಾರ ಅಂದೆ. ಇಪ್ಪತ್ತರ ವಯಸ್ಸಿನ ನನ್ನ ಮೇಲೆ ನನಗಿಲ್ಲದ ನಂಬಿಕೆಯನ್ನು ನಿನ್ನ ಲೆಕ್ಕಕ್ಕೆ ಬರೆದುಬಿಟ್ಟಿದ್ದೆ, ಅದು ನನ್ನ ತಪ್ಪು. ನೀನು ಎರಡನೆಯ ವರ್ಷದಲ್ಲಿ ಸೂಕ್ಷ್ಮದರ್ಶಕದ ಕೋಣೆಯ ಬೀಗದ ಕೈ ಬೇಕೆಂದು ವಿಭಾಗದ ಮುಖ್ಯಸ್ಥರ ಬಾಗಿಲನ್ನು ಮೂರು ಸಲ ತಟ್ಟಿದವಳು. ಆ ಸುದ್ದಿ ತಿಳಿದಾಗ ಅಷ್ಟೊಂದು ಹಟ ಒಳ್ಳೆಯದಲ್ಲವೆಂದು ನಾನು ಗದರಿದ್ದೆ. ಒಳಗೊಳಗೆ ಎಷ್ಟು ಹೆಮ್ಮೆಪಟ್ಟಿದ್ದೆನೆಂದು ನಿನಗೆ ಗೊತ್ತಿಲ್ಲ.

ನಿನ್ನ ಹಾಗೆ ಪದವಿಯ ನಡುವೆ ಓದಲು ಹೊರದೇಶಕ್ಕೆ ಹೊರಟವರಲ್ಲಿ ಮೊದಮೊದಲಿಗರು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಎಂಟು ವಿದ್ಯಾರ್ಥಿಗಳು. ಅವರೂ ಹೋದದ್ದು ಫ್ರಾನ್ಸಿಗೇ, 1923ರಲ್ಲಿ, ಹಡಗಿನಲ್ಲಿ; ಮೊದಲು ನಾನ್ಸಿ ಎಂಬ ಊರಿನಲ್ಲಿ ಭಾಷೆ ಕಲಿತು, ಆಮೇಲೆ ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯಕ್ಕೆ ಹೋದರು. ಅವರ ಜೊತೆಗೆ ಅವರ ಅಧ್ಯಾಪಕ ರೇಮಂಡ್ ಕರ್ಕ್‌ಬ್ರೈಡ್ ಇದ್ದರು. ನೀನು ಒಬ್ಬಳೇ ಹೋಗುತ್ತಿದ್ದೀಯೆ. ಅದಕ್ಕೇ ಹೇಳುತ್ತಿದ್ದೇನೆ, ಪ್ರಯೋಗಾಲಯದ ಮೊದಲ ದಿನವೇ ಮಾರ್ಗದರ್ಶಕರ ಬಳಿ ವಾರಕ್ಕೊಮ್ಮೆ ಮಾತನಾಡಲು ಒಂದು ಸಮಯ ಗೊತ್ತುಮಾಡಿಕೊ. ಮೂರು ದಿನ ಕೆಲಸ ಸಿಗದಿದ್ದರೆ ನಾಲ್ಕನೆಯ ದಿನ ಅವರಿಗೆ ಬರೆ, ವಾರ ಕಳೆದರೆ ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಬರೆ, ಅವರ ಹೆಸರು ಒಪ್ಪಂದದಲ್ಲಿರುವುದೇ ಅದಕ್ಕೆ. ನನಗೂ ಹೇಳು. ನಾನೇನೂ ಮಾಡಲಾರೆ, ಆದರೂ ಹೇಳು. ಚೆನ್ನಾಗಿಲ್ಲದ ದಿನ ಚೆನ್ನಾಗಿದೆಯೆಂದು ನನಗೆ ಹೇಳಬೇಡ.

ಉದ್ದೇಶಪತ್ರದ ಆ ಪ್ಯಾರಾವನ್ನು ಓದಿದವರಿಗೆ ನಾನು ಯಾರೆಂದೇ ತಿಳಿಯದು, ನಿನ್ನನ್ನು ಆರಿಸಿದ್ದು ನಿನ್ನ ಅಂಕಗಳನ್ನೂ ನಿನ್ನ ಕೆಲಸವನ್ನೂ ನೋಡಿಯೇ. ಆದ್ದರಿಂದ ಈ ಕಾಗದ ಓದಿ, ಸುಳ್ಳಿನ ಮೇಲೆ ಕಟ್ಟಿದ ಮನೆಯಾಯಿತಲ್ಲ ಎಂದು ನೊಂದುಕೊಳ್ಳಬೇಡ. ಇವತ್ತು ಸಂಜೆ ಆ ಚೌಕಟ್ಟನ್ನು ಗೋಡೆಯಿಂದ ಇಳಿಸಿ ನಿನ್ನ ಮೇಜಿನ ಮೇಲಿಟ್ಟಿದ್ದೇನೆ. ಅದನ್ನು ಏನು ಮಾಡಬೇಕೆಂದು ನೀನೇ ಹೇಳು. ಸಿಟ್ಟಿದ್ದರೆ ಬೈದೇ ಹೊರಡು, ಮಾತು ಬಿಟ್ಟು ಹೋಗಬೇಡ.

ಬ್ಯಾಂಕಿನ ಪತ್ರದ ಇನ್ನೊಂದು ಪ್ರತಿಯನ್ನು ನೀಲಿ ಫೈಲಿನಲ್ಲಿಟ್ಟಿದ್ದೇನೆ, ಆರೋಗ್ಯ ವಿಮೆಯ ಕಾಗದದ ಹಿಂದೆ. ಕಲಿಕಾ ಒಪ್ಪಂದದ ಎರಡನೆಯ ಪುಟದಲ್ಲಿ, ಮೂರನೆಯ ಕೋರ್ಸಿನ ಎದುರು ಇಲ್ಲಿನ ವಿಭಾಗದ ಸಹಿ ಇನ್ನೂ ಬಿದ್ದಿಲ್ಲ. ನಾಳೆ ಕಚೇರಿ ತೆರೆದ ಕೂಡಲೇ ಹೋಗಿ ಹಾಕಿಸಿಕೊಂಡು ಬಾ. ಬೇಕೆಂದರೆ ನಾನೂ ಬರುತ್ತೇನೆ.

ನಿನ್ನ
ಅಮ್ಮ