ಹಡಗು ಕಾಯುವುದಿಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ಯಾರು ಮೊದಲು ಇಟ್ಟರು ಅನ್ನೋದು ಈಗ ಬೇಡ. ದನಿ ಏರಿದ್ದಕ್ಕೆ ಬೇಜಾರು ಮಾಡ್ಕೋಬೇಡ. ನಾಳಿದ್ದು ಹೊರಡುತ್ತೀಯ, ಅಷ್ಟರಲ್ಲಿ ಇದನ್ನು ಪೂರ್ತಿ ಓದು.

ಹಡಗಿನ ಪ್ರವಾಸಕ್ಕೆ ನೀನು ಒಬ್ಬಳೇ ಹೋಗುವುದಕ್ಕೆ ನನ್ನ ತಕರಾರಿಲ್ಲ. ಕಳೆದ ವರ್ಷ ಹೇಗಿತ್ತು ಅಂತ ನಮ್ಮಿಬ್ಬರಿಗೂ ಗೊತ್ತು, ಅದನ್ನು ಕೆದಕುವುದಿಲ್ಲ. ವೀಸಾಕ್ಕೂ ನೀನೇ ಓಡಾಡಿದೆ. ಅಪ್ಪ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಾರೆ. ನನಗೂ ಹೆಮ್ಮೆಯೇ ಕಣೇ. ನನ್ನ ಹೆದರಿಕೆ ಒಂದೇ ಒಂದು ದಿನದ್ದು. ಹಡಗು ಇಟಲಿಯ ಲಾ ಸ್ಪೆಜಿಯಾ ಬಂದರಿನಲ್ಲಿ ನಿಲ್ಲುವ ದಿನ. ಹಡಗಿನವರ ಟೂರ್ ಬೇಡ, ರೈಲಲ್ಲಿ ಹೋಗಿ ಚಿಂಕ್ವೆ ತೆರ್ರೆಯ ಐದೂ ಊರು ನೋಡಿ ಬರ್ತೀನಿ ಅಂದೆಯಲ್ಲ, ಆ ದಿನ.

ಅವರ ಟೂರ್‌ನಲ್ಲಿ ಹೋದವರು ತಡವಾದರೆ ಹಡಗು ಕಾಯುತ್ತದೆ. ತಾವಾಗೇ ಹೋದವರಿಗೆ ಕಾಯುವುದಿಲ್ಲ. ನಾನೂ ಅಪ್ಪನೂ ಹೋದಾಗ ಅದೇ ಬಂದರಿನಲ್ಲಿ ಇದನ್ನು ಕಣ್ಣಾರೆ ನೋಡಿದೆವು. ಏಣಿ ಎಳೆದುಕೊಂಡಾಗಿತ್ತು. ಹಗ್ಗಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಬಂದರಿನ ಬಸ್ಸಿನಿಂದ ಇಬ್ಬರು ಇಳಿದು ಓಡಿ ಬಂದರು. ಹುಡುಗಿಯ ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಕಾಗದದ ಚೀಲ. ಹಡಗಿಗೂ ದಡಕ್ಕೂ ನಡುವೆ ಒಂದು ಮೊಳ ನೀರು. ನೋಡ್ತಾ ನೋಡ್ತಾ ಒಂದು ಮಾರಾಯಿತು. ಅವಳು ಚಪ್ಪಲಿ ಹಿಡಿದ ಕೈಯನ್ನೇ ಬೀಸುತ್ತಿದ್ದಳು. ನಮ್ಮ ಡೆಕ್ಕಿನಲ್ಲಿ ಜನ ಚಪ್ಪಾಳೆ ತಟ್ಟಿ ವಿಡಿಯೊ ಮಾಡಿಕೊಂಡರು! ಬೇರೆಯವರ ಮಗಳು ದಡದಲ್ಲಿ ಅಳುತ್ತಿದ್ದರೆ ಚಪ್ಪಾಳೆ ಹೇಗೆ ತಟ್ಟುತ್ತಾರೋ. ರಾತ್ರಿ ನನಗೆ ಊಟ ಸೇರಲಿಲ್ಲ.

ಈ ಕಥೆ ಎಷ್ಟು ಸಲ ಹೇಳ್ತೀಯ ಅಂದೆ. ಅವಳಿಗೆ ನಿನ್ನಷ್ಟೇ ವಯಸ್ಸು, ಅದಕ್ಕೇ ಹೇಳುತ್ತೇನೆ. ಅವಳ ಜೊತೆ ಇನ್ನೊಬ್ಬರಾದರೂ ಇದ್ದರು.

ರೈಲಿನ ಬಗ್ಗೆ ನೀನು ಹೇಳಿದ್ದು ಸರಿ. ಲಾ ಸ್ಪೆಜಿಯಾದಿಂದ ಐದರಲ್ಲಿ ಮೊದಲ ಊರಾದ ರಿಯೋಮಜೋರೆಗೆ ಹತ್ತು ನಿಮಿಷವೂ ಬೇಡ, ಬಹುಪಾಲು ಸುರಂಗವೇ. ಆದರೆ ಇಟಲಿಯಲ್ಲಿ ರೈಲು ಮುಷ್ಕರ ಅಪರೂಪವಲ್ಲ, ಹಿಂದಿನ ದಿನವೇ ನೋಡಿಕೋ. ಸೀಸನ್‌ನಲ್ಲಿ ಪ್ಲಾಟ್‌ಫಾರಂ ತುಂಬಿ ತುಳುಕುತ್ತದೆ, ಬಂದ ರೈಲಿಗೆ ಹತ್ತೋಕೇ ಆಗದೆ ಇರಬಹುದು. ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮೊದಲು ಅಲ್ಲಿನ ಮೆಷಿನ್ನಿನಲ್ಲಿ ಮುದ್ರೆ ಒತ್ತಿಸು, ಇಲ್ಲದಿದ್ದರೆ ದಂಡ. ಊರಿಂದೂರಿಗೆ ಹೋಗುವ ದೋಣಿಯನ್ನು ನೆಚ್ಚಿಕೊಳ್ಳಬೇಡ, ಅಲೆ ಜೋರಿದ್ದರೆ ನಿಲ್ಲಿಸುತ್ತಾರೆ. ಪಾಸ್‌ಪೋರ್ಟ್ ನಿನ್ನ ಹತ್ತಿರವೇ ಇರಲಿ, ಹಡಗಿನವರು ಇಟ್ಟುಕೊಂಡಿದ್ದರೆ ಅದರ ಫೋಟೊ. ಬಂದರಿನಲ್ಲಿರುವ ಹಡಗಿನವರ ಏಜೆಂಟ್ ನಂಬರ್ ಬರೆದಿಟ್ಟುಕೋ. ಫೋನಿನ ಗಡಿಯಾರ ಏನಾದರೂ ಹೇಳಲಿ, ಹಡಗಿನ ಗಡಿಯಾರವೇ ಸರಿ. ಪಾಠ ಶುರು ಮಾಡಿದೆ ಅಂತೀಯ. ಅನ್ನು.

ಐದೂ ಊರು ಒಂದೇ ದಿನಕ್ಕೆ ಯಾಕೆ ಬೇಕು? ಕೊರ್ನೀಲ್ಯಾ ಬಿಟ್ಟುಬಿಡು, ಅದು ಸಮುದ್ರದ ಪಕ್ಕದಲ್ಲೇ ಇಲ್ಲ, ಗುಡ್ಡದ ಮೇಲಿದೆ. ಸ್ಟೇಷನ್ನಿನಿಂದ 382 ಮೆಟ್ಟಿಲು. ಮನರೋಲಾ, ವೆರ್ನಾತ್ಸಾ ಎರಡೇ ಸಾಕು. ಮನರೋಲಾದಲ್ಲಿ ಊರಿನ ಹಿಂದಿನ ಗುಡ್ಡ ನೋಡು. ಬುಡದಿಂದ ತುದಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ. ಗಾರೆಯಿಲ್ಲ, ಸುಣ್ಣವಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳು. ನಾನು ಒಂದು ಗೋಡೆಗೆ ಕೈಯಿಟ್ಟು ನೋಡಿದೆ. ಕಲ್ಲಿನ ಸಂದಿಯಲ್ಲಿ ಬೆರಳು ತೂರುತ್ತಿತ್ತು, ಆದರೂ ಗೋಡೆ ಅಲ್ಲಾಡಲಿಲ್ಲ. ಅಷ್ಟು ಕಡಿದಾದ ಮಣ್ಣನ್ನು ನೂರಾರು ವರ್ಷ ಹಿಡಿದು ನಿಲ್ಲಿಸಿರುವುದು ಅವೇ. 1997ರಲ್ಲಿ ಯುನೆಸ್ಕೊ ಈ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಬಣ್ಣದ ಮನೆಗಳಿಗೆ ಮಾತ್ರ ಅಲ್ಲ, ಈ ದುಡಿಮೆಗೂ ಕೂಡ. ಜನ ಬೇಸಾಯ ಬಿಟ್ಟ ಕಡೆ ಗೋಡೆ ಕುಸಿಯುತ್ತಿವೆ. ಫೋಟೊ ತೆಗೆಯುವ ಆತುರದಲ್ಲಿ ಅದನ್ನು ನೋಡದೆ ಬರಬೇಡ.

ಮಳೆ ಇದ್ದರೆ ಕಾಲುದಾರಿ ಕಡೆ ಹೋಗಲೇಬೇಡ. 2011ರ ಅಕ್ಟೋಬರ್ 25ರಂದು ಮಳೆ ಸುರಿದು ವೆರ್ನಾತ್ಸಾದ ಬೀದಿಯಲ್ಲಿ ಕೆಸರು, ಕಲ್ಲು ನುಗ್ಗಿ ಕೆಳಗಿನ ಅಂತಸ್ತುಗಳೆಲ್ಲ ಮುಚ್ಚಿಹೋದವು. ಜನ ಸತ್ತರು. ರಿಯೋಮಜೋರೆಯಿಂದ ಮನರೋಲಾಕ್ಕೆ ಹೋಗುವ ವಿಯಾ ದೆಲ್ಲಾಮೋರೆ ಅನ್ನೋ ಕಾಲುದಾರಿಯಲ್ಲಿ 2012ರಲ್ಲಿ ಬಂಡೆ ಬಿದ್ದು ಪ್ರವಾಸಿಗರಿಗೆ ಗಾಯವಾಯಿತು. ಮತ್ತೆ ಪೂರ್ತಿ ತೆರೆದಿದ್ದು 2024ರಲ್ಲಿ. ಹೋಗುವುದಾದರೆ ಅದಕ್ಕೆ ಮೊದಲೇ ಬುಕ್ ಮಾಡಬೇಕು. ಹವಾಯಿ ಚಪ್ಪಲಿ ಹಾಕಿಕೊಂಡು ಗುಡ್ಡದ ದಾರಿ ಹಿಡಿದರೂ ದಂಡವಿದೆ. ಶೂ ಹಾಕಿಕೋ.

ನಿನಗೆ ದಾರಿ ಗೊತ್ತಾಗುವುದಿಲ್ಲ ಅಂತ ಅಲ್ಲ ಪುಟ್ಟಿ. ನನಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಚೆಂದದ ಜಾಗ ಕಂಡರೆ ನಿನಗೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ, ಅದಕ್ಕೇ ಭಯ. ಆ ಹುಡುಗಿಯೂ ಇನ್ನೈದು ನಿಮಿಷ ಅಂತ ಎಲ್ಲೋ ಕೂತಿರಬೇಕು.

ಟೂರ್ ಬುಕ್ ಮಾಡು ಅಂತ ಇನ್ನು ಹೇಳುವುದಿಲ್ಲ. ರೈಲಲ್ಲೇ ಹೋಗು. ಹಡಗಿನವರು ಹೇಳುವ ಕೊನೆಯ ಸಮಯಕ್ಕಿಂತ ಎರಡು ಗಂಟೆ ಮೊದಲು ಲಾ ಸ್ಪೆಜಿಯಾ ಸ್ಟೇಷನ್ನಿನಲ್ಲಿ ಇರಬೇಕು, ಇದೊಂದನ್ನು ಒಪ್ಪಿಕೋ. ವಾಪಸ್ ಯಾವ ರೈಲು ಅಂತ ಇವತ್ತೇ ಮೆಸೇಜ್ ಮಾಡು. ಅದು ತಪ್ಪಿದರೆ ಮುಂದಿನದು ಯಾವುದು ಅಂತಲೂ ಬರೆ.

ನಿನ್ನ
ಅಮ್ಮ