ಗಂಗಾಳಿಗೆ, ಏಳದ ಕೈಯ ಕುರಿತು

ಮಾಳಮಡ್ಡಿ, ಧಾರವಾಡ

ಚಿ. ಗಂಗಾಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸುದ್ದಿಗೆಲ್ಲ ಆಮೇಲೆ ಉತ್ತರಿಸುತ್ತೇನೆ. ನೀನು ತರಬೇತಿ ಕೊಡುವ ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯದ ಬಗ್ಗೆ, "ನಲವತ್ತು ಸೆಕೆಂಡು ಉಳಿದಿತ್ತು, ಟೈಮ್‌ಔಟ್ ಕೇಳಲು ನನ್ನ ಕೈಯೇ ಏಳಲಿಲ್ಲ ಕಾಕಾ, ಮುಂದಿನ ಸಲವೂ ಏಳದಿದ್ದರೆ?" ಎಂದು ಬರೆದಿದ್ದೀಯಲ್ಲ, ಆ ಸಾಲು ಎರಡು ರಾತ್ರಿಯಿಂದ ನನ್ನನ್ನು ಮಲಗಗೊಟ್ಟಿಲ್ಲ.

ಏಳದ ಕೈ ಎಂಥದೆಂದು ನನಗೆ ಗೊತ್ತು. ನಾನು ತರಬೇತುದಾರನಾಗಿದ್ದಾಗ 20 ನಿಮಿಷದ ಎರಡು ಅರ್ಧಗಳ ಆಟ, ಆಟ ನಿಲ್ಲಿಸಿ ತಂಡದೊಡನೆ ಮಾತಾಡಲು ಅರ್ಧಕ್ಕೆ ಎರಡೇ ಟೈಮ್‌ಔಟ್. ಹುಬ್ಬಳ್ಳಿಯಲ್ಲಿ ಫೈನಲ್. ಏಳು ಅಂಕ ಮುಂದಿದ್ದೆವು. ಎದುರಾಳಿಗಳು ಸಾಲಾಗಿ ಮೂರು ಬುಟ್ಟಿ ಹಾಕಿದರು. ಪ್ರತಿ ಬುಟ್ಟಿಗೂ ನಮ್ಮ ಚೆಂಡು ನಡೆಸುವ ಹುಡುಗ ಬೆಂಚಿನ ಕಡೆ ತಿರುಗಿ ನನ್ನ ಮುಖ ನೋಡಿದ. ನಾನೋ, ಬಿತ್ತನೆಯ ಜೋಳದಂತೆ ಎರಡನ್ನೂ ಕೊನೆಯ ನಿಮಿಷಕ್ಕೆಂದು ಕಾಪಿಟ್ಟು ಕುಳಿತಿದ್ದೆ. ಹದ ದಾಟಿತು. ಅವನ ಕೈಯಿಂದ ಚೆಂಡು ಜಾರಿತು, ಒಂದು ಅಂಕದಿಂದ ಸೋತೆವು. ಎರಡೂ ಟೈಮ್‌ಔಟ್ ಹಾಗೇ ಉಳಿದವು. "ಚೆಂಡು ಯಾಕೆ ಬಿಟ್ಟೆ?" ಎಂದು ಎಲ್ಲರೆದುರು ಅವನನ್ನೇ ಕೇಳಿದೆ. ಮರುವಾರದಿಂದ ಅವನು ಅಂಕಣಕ್ಕೆ ಬರಲಿಲ್ಲ. ಅವನ ಮನೆಗೆ ಹೋಗಬೇಕಿತ್ತು, ಹೋಗಲಿಲ್ಲ.

ಕೈ ಏಕೆ ಏಳುವುದಿಲ್ಲ? 1993ರ ಅಮೆರಿಕದ ಕಾಲೇಜು ಫೈನಲ್‌ನಲ್ಲಿ ಮಿಷಿಗನ್‌ನ ಕ್ರಿಸ್ ವೆಬರ್ 11 ಸೆಕೆಂಡು ಉಳಿದಿರುವಾಗ, ತಂಡದ ಬಳಿ ಇಲ್ಲದ ಟೈಮ್‌ಔಟ್ ಕೇಳಿ ತಾಂತ್ರಿಕ ಫೌಲ್‌ನ ದಂಡ ತಂದುಕೊಂಡರು. ಅದನ್ನು ಲೋಕ ಇಂದಿಗೂ ಹೇಳುತ್ತದೆ. ಕೇಳದೆ ಸೋತವರ ಕಥೆಯನ್ನು ಯಾರೂ ಹೇಳುವುದಿಲ್ಲ. ಸುಮ್ಮನೆ ಕುಳಿತರೆ ತಪ್ಪು ನಮ್ಮದೆಂದು ಕಾಣುವುದಿಲ್ಲ, ಗಂಗಾ. ನಾನು ಅಲ್ಲೇ ಬಚ್ಚಿಟ್ಟುಕೊಂಡೆ. ನೀನು ಆ ಜಾಗಕ್ಕೆ ಹೋಗಬಾರದೆಂಬುದೇ ನನ್ನ ಸಂಕಟ.

ಈಗಿನ ನಿಯಮ ನಿನಗೇ ಹೆಚ್ಚು ಗೊತ್ತು, ಆದರೂ ಹೇಳಿಬಿಡುತ್ತೇನೆ. ದ್ವಿತೀಯಾರ್ಧದ ಮೂರು ಟೈಮ್‌ಔಟ್‌ಗಳಲ್ಲಿ ಒಂದನ್ನಾದರೂ ಕೊನೆಯ ಎರಡು ನಿಮಿಷಕ್ಕೆ ಮೊದಲು ಬಳಸದಿದ್ದರೆ ಒಂದು ತಾನಾಗಿಯೇ ಹೋಗುತ್ತದೆ. ಕೂಡಿಟ್ಟು ಪ್ರಯೋಜನವಿಲ್ಲ. ಕೇಳಿದ ಕೂಡಲೇ ಸಿಗುವುದೂ ಇಲ್ಲ, ಆಟ ನಿಲ್ಲಬೇಕು ಇಲ್ಲವೇ ಎದುರಾಳಿಯ ಬುಟ್ಟಿ ಬೀಳಬೇಕು. ಹಾಗಾಗಿ ಮನಸ್ಸು ಅಳುಕಿದಾಗಲೇ ಅಂಕ ಬರೆಯುವ ಸ್ಕೋರರ್ ಮೇಜಿಗೆ ಹೇಳಿಬಿಡು. ಸಿಕ್ಕ ಒಂದು ನಿಮಿಷದಲ್ಲಿ ಆಟದ ತಂತ್ರ ಬರೆಯುವ ಹಲಗೆಯ ತುಂಬ ಗೆರೆ ಎಳೆಯಬೇಡ. ನೀರು ಕೊಟ್ಟು, ಚೆಂಡು ಯಾರ ಕೈಗೆ ಹೋಗಬೇಕು ಎಂಬುದೊಂದನ್ನು ಹೇಳಿದರೆ ಸಾಕಾದೀತೇನೋ. ನನ್ನ ಕಾಲದ ಬುದ್ಧಿ ಇದು, ಸರಿಯೆನಿಸದಿದ್ದರೆ ಬಿಡು.

ಮತ್ತೆ ಆ ಕೈಯ ಮಾತಿಗೇ ಬರುತ್ತೇನೆ. ಆಟಗಾರ್ತಿಯರು ಟೈಮ್‌ಔಟ್ ಕೇಳುವಂತಿಲ್ಲ, ಪಾಪ, ಅವರು ನಿನ್ನ ಮುಖವನ್ನಷ್ಟೇ ನೋಡಬಲ್ಲರು. ಆದರೆ ಸಹಾಯಕ ತರಬೇತುದಾರಳು ಕೇಳಬಹುದು. "ಹುಡುಗಿಯರು ಎರಡು ಸಲ ಬೆಂಚಿನ ಕಡೆ ತಿರುಗಿದರೆ, ನಾನು ಅಲುಗದಿದ್ದರೂ ನೀನು ಎದ್ದು ಮೇಜಿಗೆ ಹೋಗು" ಎಂದು ಆಕೆಗೆ ಮೊದಲೇ ಹೇಳಿಡು. ನನಗೆ ಆಗ ಇದು ಹೊಳೆಯಲಿಲ್ಲ.

ಶನಿವಾರದ ಪಂದ್ಯಕ್ಕೆ ಗದಗಿಗೆ ಬರುತ್ತೇನೆ. ಬೆಂಚಿನ ಹಿಂದೆ ಕೂರುವುದಿಲ್ಲ, ನಿನಗೆ ಭಾರವಾದೀತು. ಎದುರು ಬದಿಯಲ್ಲಿರುತ್ತೇನೆ.

ನಿನ್ನ ಕಾಕಾ