ಪಿಎಫ್ ಹಣ ತೆಗೆಯುವ ಮುನ್ನ

ಮಾನ್ಯರೆ,

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಲ್ಲಿ ಕೆಲಸ ಬದಲಿಸಿದಾಗ ಪಿಎಫ್ (ಭವಿಷ್ಯ ನಿಧಿ) ಹಣವನ್ನೆಲ್ಲ ತೆಗೆಯುವ ರೂಢಿಯಿಂದ ಕಾರ್ಮಿಕರು ಪಿಂಚಣಿಯನ್ನೇ ಕಳೆದುಕೊಳ್ಳುತ್ತಾರೆ. ಮಾಸಿಕ ಪಿಂಚಣಿಗೆ ಒಟ್ಟು 10 ವರ್ಷ ಸೇವೆ ಬೇಕು. ಪಿಂಚಣಿ ಭಾಗವನ್ನೂ ಹಿಂಪಡೆದರೆ ಹಳೆಯ ಸೇವೆ ಲೆಕ್ಕಕ್ಕೆ ಬರದು. ಒಂದೇ ಯುಎಎನ್ (ಪಿಎಫ್ ಸದಸ್ಯರ ಸಾರ್ವತ್ರಿಕ ಖಾತೆ ಸಂಖ್ಯೆ) ಇಟ್ಟುಕೊಂಡು ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳುವುದೇ ಸರಿ.

ವರ್ಗಾವಣೆ ಹೆಚ್ಚಾಗಿ ನಿಲ್ಲುವುದು ಆಧಾರ್‌ನಲ್ಲಿರುವ ಹೆಸರು, ಜನ್ಮದಿನಾಂಕ ಪಿಎಫ್ ದಾಖಲೆಗೆ ಹೊಂದದಿದ್ದಾಗ, ಇಲ್ಲವೇ ಹಳೆಯ ಮಾಲೀಕರು ಕೆಲಸ ಬಿಟ್ಟ ದಿನಾಂಕ ನಮೂದಿಸದಿದ್ದಾಗ. ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳಾದರೆ ಆ ದಿನಾಂಕವನ್ನು ಕಾರ್ಮಿಕರೇ ಪಿಎಫ್ ಪೋರ್ಟಲ್‌ನಲ್ಲಿ ತುಂಬಬಹುದು. ಇದು ಬಹಳ ಮಂದಿಗೆ ಗೊತ್ತೇ ಇಲ್ಲ! ಮದುವೆಗೆ ಮುಂಚೆ ಮಾಡಿದ ಪಿಎಫ್ ನಾಮನಿರ್ದೇಶನವೂ (ಸದಸ್ಯರ ನಂತರ ಹಣ ಯಾರಿಗೆ ಎಂಬ ನಮೂದು) ಮದುವೆಯ ನಂತರ ಅಸಿಂಧು, ಹೊಸದಾಗಿ ಮಾಡಲೇಬೇಕು.

ಭವಿಷ್ಯ ನಿಧಿ ಅಧಿಕಾರಿಗಳು ಪಾಳಿ ಬದಲಾಗುವ ಹೊತ್ತಿಗೆ ತಾರಿಹಾಳದಲ್ಲೇ ತಿದ್ದುಪಡಿ ಶಿಬಿರ ನಡೆಸಲಿ.

– ಕಾರ್ಮಿಕ ಕಾನೂನು ಸಲಹೆಗಾರರು, ಹುಬ್ಬಳ್ಳಿ